ಹಸು ಹುಡುಕುವವರ ಇಂಗ್ಲಿಷ್: ದೊಡ್ಡವರಾದ ಮೇಲೆ ‘ಎ’, ‘ದ’ ಕಲಿಯುವ ಬಗೆ

“ಐ ಆಮ್ ಮೆಕ್ಯಾನಿಕಲ್ ಇಂಜಿನಿಯರ್. ಮೈ ಫಾದರ್ ಈಸ್ ಫಾರ್ಮರ್ ಇನ್ ಗುಬ್ಬಿ.” ಕೆಲಸದ ಸಂದರ್ಶನಕ್ಕೆ ಕೂತ ನಮ್ಮ ತುಮಕೂರು ಕಡೆಯ ಹುಡುಗ ಹುಡುಗಿಯರ ಮೊದಲ ಎರಡು ವಾಕ್ಯ ಬಹುಮಟ್ಟಿಗೆ ಹೀಗೇ ಇರುತ್ತವೆ. ಕೇಳಿದವರಿಗೆ ಅರ್ಥವಾಗದೆ ಇರುವುದು ಏನೂ ಇಲ್ಲ. ಆದರೆ ಎರಡರಲ್ಲೂ ಒಂದೊಂದು ‘ಎ’ ಬಿಟ್ಟುಹೋಗಿದೆ: ಎ ಮೆಕ್ಯಾನಿಕಲ್ ಇಂಜಿನಿಯರ್, ಎ ಫಾರ್ಮರ್. ದೊಡ್ಡ ದೊಡ್ಡ ಇಂಗ್ಲಿಷ್ ಪದಗಳನ್ನು ಸಲೀಸಾಗಿ ಆಡುವವರೂ ಎಡವುವುದು ‘ಎ’, ‘ಆನ್’, ‘ದ’ ಎಂಬ ಈ ಮೂರು ಚಿಲ್ಲರೆ ಪದಗಳಲ್ಲಿ. ಸ್ಕೂಲಿನಲ್ಲಿ ಮೇಷ್ಟ್ರು ಇವನ್ನು ಆರ್ಟಿಕಲ್ಸ್ ಎಂದು ಬೋರ್ಡಿನ ಮೇಲೆ ಬರೆದು, ಬಿಟ್ಟ ಸ್ಥಳ ತುಂಬಿಸಿ, ಎರಡು ಮಾರ್ಕ್ಸಿಗೆ ಮುಗಿಸಿಬಿಡುತ್ತಾರೆ. ಅಲ್ಲಿಂದಾಚೆಗೆ ಅವು ನಮ್ಮ ಬಾಯಿಗೂ ಬರುವುದಿಲ್ಲ, ಕಿವಿಗೂ ಬೀಳುವುದಿಲ್ಲ.

ಬಾಯಿಮಾತಿನಲ್ಲಿ ಇದು ದೊಡ್ಡ ನಷ್ಟವೇನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ವ್ಯಾಪಾರಕ್ಕೆ ಬಂದ ಉತ್ತರದ ಸೇಟಿನ ಹತ್ತಿರ ಮಾತಾಡಲು ಆರ್ಟಿಕಲ್ ಬೇಕಾಗಿಲ್ಲ. ಬೇಕಾಗುವುದು ಬರವಣಿಗೆಗೆ. ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್ ಆದವರು ದಿನವೂ ಮೇಲ್ ಕಳಿಸಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಂಥ ಕಡೆ ರಿಪೋರ್ಟ್, ಮ್ಯಾನ್ಯುಯಲ್ ಎಲ್ಲವೂ ಇಂಗ್ಲಿಷಿನಲ್ಲೇ. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟ ಕುಣಿಗಲ್ ಕಡೆಯ ಹೆಣ್ಣುಮಕ್ಕಳು ಐಇಎಲ್‌ಟಿಎಸ್ ಬರೆಯಬೇಕು. ಆ ಪರೀಕ್ಷೆಯ ಬರವಣಿಗೆಯಲ್ಲೂ ಮಾತಿನಲ್ಲೂ ವ್ಯಾಕರಣ ಶುದ್ಧಿಗೆ ಪ್ರತ್ಯೇಕ ಅಂಕವಿದೆ. ಆರ್ಟಿಕಲ್ ತಪ್ಪುಗಳು ಪ್ರತಿ ಸಾಲಿನಲ್ಲೂ ಇಣುಕಿದರೆ ಆ ಅಂಕ ಕೆಳಗಿಳಿಯುತ್ತದೆ. ಮೂವತ್ತು ನಲವತ್ತು ದಾಟಿದ ಮೇಲೆ ಇದನ್ನು ಕಲಿಯಲು ಹೊರಟವರಿಗೆ ಈ ಬರಹ.

ಯಾಕೆ ಇಷ್ಟು ಕಷ್ಟ?

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ ‘ದ’. ಹಾಗಿದ್ದರೂ ಅದನ್ನು ಒತ್ತಿ ಹೇಳುವವರಿಲ್ಲ. ಮಾತಿನ ಓಟದಲ್ಲಿ ‘ಎ’ ಕೂಡ ‘ಎ’ ಆಗಿ ಉಳಿಯುವುದಿಲ್ಲ, ಅರ್ಧ ನುಂಗಿದ ‘ಅ’ ಆಗುತ್ತದೆ. ಕಿವಿಗೆ ಸರಿಯಾಗಿ ಬೀಳದ್ದು ಬಾಯಿಗೆ ಹೇಗೆ ಬರಬೇಕು? ಮೇಲಾಗಿ, ಅದಿಲ್ಲದೆಯೂ ಅರ್ಥ ಆಗುವುದರಿಂದ ದೊಡ್ಡವರ ಮನಸ್ಸು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಾಕ್ಯದ ತಿರುಳು ಸಿಕ್ಕಿತು, ಮುಂದೆ ಹೋಗು ಎನ್ನುತ್ತದೆ.

ಇಂಗ್ಲಿಷನ್ನು ತಾಯಿನುಡಿಯಾಗಿ ಕಲಿಯುವ ಕೂಸುಗಳಿಗೂ ಇದು ಕೂಡಲೇ ಬರುವುದಿಲ್ಲ. ಅಮೆರಿಕದ ರೋಜರ್ ಬ್ರೌನ್ ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ಕಲಿಯುವ 14 ವ್ಯಾಕರಣದ ತುಣುಕುಗಳ ಸಾಲಿನಲ್ಲಿ ಆರ್ಟಿಕಲ್‌ಗಳಿಗೆ 8ನೇ ಜಾಗ. ಅಲ್ಲಿನ ಮಕ್ಕಳೂ ಎದುರಿಗಿರುವವರಿಗೆ ಗೊತ್ತಿಲ್ಲದ ನಾಯಿಯನ್ನು ‘ದ ಡಾಗ್’ ಎಂದುಬಿಡುತ್ತಾರೆ. ತನಗೆ ಗೊತ್ತಿರುವುದೆಲ್ಲ ಊರಿಗೇ ಗೊತ್ತು ಎಂಬುದು ಮಕ್ಕಳ ನಂಬಿಕೆಯಲ್ಲವೇ?

ಆರ್ಟಿಕಲ್ ಇಲ್ಲದ ಭಾಷೆ ನಮ್ಮದೊಂದೇ ಅಲ್ಲ. ತಮಿಳು, ಹಿಂದಿ, ರಷ್ಯನ್, ಚೀನಿ, ಜಪಾನಿ, ಕೊರಿಯನ್, ಹಿಂದಿನ ಸಂಸ್ಕೃತ, ಲ್ಯಾಟಿನ್ ಯಾವುದರಲ್ಲೂ ಇಲ್ಲ. ಲ್ಯಾಟಿನ್ನಿನ ಮಕ್ಕಳಾದ ಫ್ರೆಂಚ್, ಇಟಾಲಿಯನ್ ಭಾಷೆಗಳು ‘ಆ’ ಎಂಬ ಅರ್ಥದ ಪದವನ್ನೇ ಸವೆಸಿ ಸವೆಸಿ ಆರ್ಟಿಕಲ್ ಮಾಡಿಕೊಂಡವು. ಇಂಗ್ಲಿಷಿನ ‘ದ’ ಬಂದದ್ದೂ ‘ಆ’ ಎನ್ನುವ ಹಳೆಯ ಪದದಿಂದ, ‘ಆನ್’ ಬಂದದ್ದು ‘ಒಂದು’ ಎನ್ನುವ ಪದದಿಂದ. ಕಚ್ಚಾ ಸಾಮಾನು ನಮ್ಮ ಹತ್ತಿರವೂ ಇದೆ. ನಾವು ಅದರಿಂದ ಆ ಸಲಕರಣೆ ಮಾಡಿಕೊಳ್ಳಲಿಲ್ಲ, ಅಷ್ಟೆ.

ಹಸು ಮತ್ತು ಹಸೂನ

ಹಾಗಂತ ಆರ್ಟಿಕಲ್ ಮಾಡುವ ಕೆಲಸ ಕನ್ನಡದಲ್ಲಿ ಆಗುವುದೇ ಇಲ್ಲವೆಂದಲ್ಲ. ಗುಬ್ಬಿ ಸಂತೆಯ ಹತ್ತಿರ ಒಬ್ಬ ರೈತ “ಹಸು ಹುಡುಕ್ತಿದೀನಿ” ಎಂದರೆ ಅವನು ಕೊಳ್ಳಲು ಬಂದವನು. ಒಳ್ಳೆಯದು ಯಾವುದಾದರೂ ಆದೀತು. “ಹಸೂನ ಹುಡುಕ್ತಿದೀನಿ” ಎಂದರೆ ಅವನ ಕೊಟ್ಟಿಗೆಯದೇ ಒಂದು ಹಗ್ಗ ಕಿತ್ತುಕೊಂಡು ಹೋಗಿದೆ. ಒಂದು ‘ನ’ ಹೆಚ್ಚಿದ್ದಕ್ಕೆ ಇಡೀ ಕಥೆಯೇ ಬೇರೆ. ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿ ಇಲ್ಲಿ ಕರ್ಮ ಯಾವುದೆಂದು ಹೇಳಿ ಸುಮ್ಮನಾಗುವುದಿಲ್ಲ, ‘ಇಂಥದ್ದೇ’ ಎಂಬ ಸೂಚನೆಯನ್ನೂ ಕೊಡುತ್ತದೆ. ಕನ್ನಡದ ಈ ಗುಣದ ಮೇಲೆಯೇ ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2006ರಲ್ಲಿ ಒಂದು ಸಂಶೋಧನಾ ಪ್ರಬಂಧ ಬರೆದಿದ್ದಾರೆ. ನಾವು ದಿನಬೆಳಗಾದರೆ ಯೋಚಿಸದೆ ಮಾಡುವ ಆಯ್ಕೆ ಇದು.

ಹಾಗಾದರೆ ‘ಹಸು’ ಅಂದರೆ ‘ಎ ಕೌ’, ‘ಹಸೂನ’ ಅಂದರೆ ‘ದ ಕೌ’ ಎಂದು ಲೆಕ್ಕ ಹಾಕಿಬಿಡಬಹುದೇ? ಬಹಳ ಮಂದಿ ಗೊತ್ತಿಲ್ಲದೆಯೇ ಹಾಗೆ ಹಾಕುತ್ತಾರೆ, ತಪ್ಪು ಹುಟ್ಟುವುದೇ ಅಲ್ಲಿ. ಹಸು ಕಳೆದುಕೊಂಡ ರೈತ ದಾರಿಯಲ್ಲಿ ಸಿಕ್ಕ ಅಪರಿಚಿತನಿಗೆ “ಒಂದು ಹಸೂನ ಹುಡುಕ್ತಿದೀನಿ, ನೋಡಿದ್ರಾ?” ಎನ್ನುತ್ತಾನೆ. ಹಸು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತು, ಹೆಸರಿಟ್ಟು ಸಾಕಿದವನು. ಎದುರಿಗಿರುವವನಿಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಇದು ‘ಐ ಆಮ್ ಲುಕಿಂಗ್ ಫಾರ್ ಎ ಕೌ’. ಅದೇ ರೈತ ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದರೆ ‘ದ ಕೌ’, ಯಾಕೆಂದರೆ ಆಕೆಗೂ ಅದು ಗೊತ್ತು. ಕನ್ನಡದ ‘ಅನ್ನು’ ನೋಡುವುದು ಹೇಳುವವರ ಮನಸ್ಸನ್ನು. ಇಂಗ್ಲಿಷಿನ ‘ದ’ ನೋಡುವುದು ಕೇಳುವವರ ಮನಸ್ಸನ್ನು.

ನನ್ನ ಮಟ್ಟಿಗೆ ಆರ್ಟಿಕಲ್ ಪಾಠದಲ್ಲಿ ಕಲಿಯಬೇಕಾದ್ದು ಬಹುಪಾಲು ಇಷ್ಟೇ. ತಾನ್ಯಾ ಇಯೋನಿನ್, ಹೀಜಂಗ್ ಕೋ, ಕೆನೆತ್ ವೆಕ್ಸ್ಲರ್ ಎಂಬ ಮೂವರು 2004ರಲ್ಲಿ, ಇಂಗ್ಲಿಷ್ ಕಲಿಯುತ್ತಿದ್ದ ರಷ್ಯನ್ ಮತ್ತು ಕೊರಿಯನ್ ವಯಸ್ಕರನ್ನು ಪರೀಕ್ಷಿಸಿ ಕಂಡದ್ದೂ ಇದರ ಆಸುಪಾಸಿನಲ್ಲೇ ಇದೆ. ಆರ್ಟಿಕಲ್ ಇಲ್ಲದ ಭಾಷೆಯಿಂದ ಬಂದವರು ಮನಬಂದಂತೆ ತಪ್ಪು ಮಾಡುವುದಿಲ್ಲ, ತಪ್ಪಿಗೂ ಒಂದು ಕ್ರಮವಿದೆ. ‘ನನಗೆ ಗೊತ್ತಿರುವ ಒಂದು’ ಮತ್ತು ‘ಇಬ್ಬರಿಗೂ ಗೊತ್ತಿರುವ ಒಂದು’ ಇವೆರಡರ ನಡುವೆ ಅವರು ಓಲಾಡುತ್ತಾರೆ. ತಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿರುವುದಕ್ಕೆಲ್ಲ ‘ದ’ ಹಚ್ಚುತ್ತಾರೆ. ಕಲಿಯುವವರು ದಡ್ಡರೇನಲ್ಲ, ಕೇಳಿಕೊಳ್ಳುವ ಪ್ರಶ್ನೆ ಒಂದು ಮನೆ ಆಚೀಚೆಯಾಗಿದೆ ಎಂದು ಇದರರ್ಥ.

ಆದ್ದರಿಂದ ನಾಮಪದದ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಯಾವುದು ಎಂದು ಎದುರಿಗಿರುವವರಿಗೆ ಗೊತ್ತೇ? ಗೊತ್ತಿದ್ದರೆ ‘ದ’. ಗೊತ್ತಿಲ್ಲ, ಎಣಿಸಲು ಬರುವ ವಸ್ತು, ಒಂದೇ ಇದೆ ಎಂದರೆ ‘ಎ’ ಅಥವಾ ‘ಆನ್’. ಗೊತ್ತಿಲ್ಲ, ಆದರೆ ಎಣಿಸಲು ಬರುವುದಿಲ್ಲ ಅಥವಾ ಹಲವು ಇವೆ ಎಂದರೆ ಏನೂ ಬೇಡ.

ಗೊತ್ತಾಗುವುದು ಹೇಗೆ ಎಂಬುದಕ್ಕೆ ಮೂರು ದಾರಿಗಳಿವೆ. ಆಗಲೇ ಹೇಳಿದ್ದರಿಂದ ಗೊತ್ತು: ಐ ಬಾಟ್ ಎ ಫೋನ್, ದ ಫೋನ್ ಈಸ್ ನಾಟ್ ವರ್ಕಿಂಗ್. ಲೋಕದಲ್ಲೋ ಊರಿನಲ್ಲೋ ಒಂದೇ ಇರುವುದರಿಂದ ಗೊತ್ತು: ದ ಸನ್, ದ ಡೆಪ್ಯುಟಿ ಕಮಿಷನರ್, ದ ತಹಸೀಲ್ದಾರ್. ಮೂರನೆಯದು ನಾವು ಅತಿ ಹೆಚ್ಚು ಬಿಡುವಂಥದು. “ತುಮಕೂರಿನಲ್ಲಿ ಒಂದು ಬಸ್ ಹತ್ತಿದೆ, ಕಂಡಕ್ಟರ್ ಚಿಲ್ಲರೆ ಕೇಳಿದ” ಎನ್ನುತ್ತೇವೆ. ಕಂಡಕ್ಟರ್ ಬಗ್ಗೆ ಇದೇ ಮೊದಲ ಮಾತು. ಆದರೂ ಬಸ್ ಎಂದ ಮೇಲೆ ಕಂಡಕ್ಟರ್ ಇದ್ದೇ ಇರಬೇಕು, ಯಾವ ಕಂಡಕ್ಟರ್ ಎಂದು ಯಾರೂ ಕೇಳುವುದಿಲ್ಲ. ಕನ್ನಡ ಅಲ್ಲಿ ಬೋಳು ಪದ ಇಟ್ಟು ನಡೆಯುತ್ತದೆ, ಇಂಗ್ಲಿಷ್ ‘ದ ಕಂಡಕ್ಟರ್’ ಎಂದು ಕೇಳುತ್ತದೆ. ಮದುವೆ ಎಂದರೆ ದ ಬ್ರೈಡ್, ಮನೆ ಎಂದರೆ ದ ಕಿಚನ್, ಆಸ್ಪತ್ರೆ ಎಂದರೆ ದ ಡಾಕ್ಟರ್. ‘ಮೊದಲ ಸಲ ಎ, ಎರಡನೇ ಸಲ ದ’ ಎಂಬ ಸ್ಕೂಲಿನ ಸೂತ್ರ ಮಾತ್ರ ಹಿಡಿದು ಹೋದವರು ಇಲ್ಲಿ ‘ಎ ಕಂಡಕ್ಟರ್’ ಎಂದು ಬರೆದು ಬಸ್ಸಿಗೆ ಇಬ್ಬರು ಮೂವರು ಕಂಡಕ್ಟರುಗಳನ್ನು ಹತ್ತಿಸಿಬಿಡುತ್ತಾರೆ.

ಗುಬ್ಬಿಗೆ ಬಂದ ದೊರೆಗಳು

ಇದರ ಉಲ್ಟಾ ಪಾಠವೂ ಇದೇ ನೆಲದಲ್ಲಿ ನಡೆದಿದೆ. 1830ರ ದಶಕದ ಕೊನೆಗೆ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆ ಮಾಡಿಕೊಂಡರು. ಅವರಲ್ಲಿ ಥಾಮಸ್ ಹಾಡ್ಸನ್ ಕನ್ನಡವನ್ನು ಪಟ್ಟಾಗಿ ಕಲಿತು ಮುಂದೆ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನೇ ಬರೆದ. ಹುಟ್ಟಿದಾಗಿನಿಂದ ‘ಎ’, ‘ದ’ ಹಚ್ಚಿಯೇ ಮಾತಾಡಿದ ಮನುಷ್ಯರು ಅವಿಲ್ಲದ ಭಾಷೆಯನ್ನು ದೊಡ್ಡವರಾದ ಮೇಲೆ ಕಲಿತರು. ಅವರ ಜೊತೆಗಾರ ವಿಲಿಯಂ ಆರ್ಥರ್ 1839ರಲ್ಲಿ ಬಂದು ಗುಬ್ಬಿಯಲ್ಲಿದ್ದವನು, ಊರಿಗೆ ಮರಳಿ 1847ರಲ್ಲಿ ಒಂದು ಪುಸ್ತಕ ತಂದ. ಹೆಸರು ‘ಎ ಮಿಷನ್ ಟು ದ ಮೈಸೂರ್’.

ಆ ಹೆಸರನ್ನು ಇನ್ನೊಮ್ಮೆ ಓದಿ. ಮಿಷನ್ ಬಗ್ಗೆ ಓದುಗನಿಗೆ ಇನ್ನೂ ಗೊತ್ತಿಲ್ಲ, ಹಾಗಾಗಿ ‘ಎ’. ಮೈಸೂರಿಗೆ ‘ದ’ ಯಾಕೆ? ಆಗಿನ ಇಂಗ್ಲಿಷರು ಸೀಮೆಗಳ ಹೆಸರಿಗೆ ‘ದ’ ಸೇರಿಸುತ್ತಿದ್ದರು, ದ ಪಂಜಾಬ್, ದ ಕರ್ನಾಟಿಕ್ ಎಂದ ಹಾಗೆ. ಇವತ್ತು ನೀವು ‘ದ ಮೈಸೂರು’ ಎಂದು ಬರೆದರೆ ತಪ್ಪು. ಹೆಸರುಗಳ ವಿಷಯದಲ್ಲಿ ‘ದ’ ಒಂದು ರೂಢಿ, ಅದೂ ಕಾಲಕ್ಕೆ ತಕ್ಕಂತೆ ಬದಲಾಗುವ ರೂಢಿ. ಅದರಲ್ಲಿ ತರ್ಕ ಹುಡುಕಿ ತಲೆ ಬಿಸಿ ಮಾಡಿಕೊಳ್ಳಬೇಡಿ. ನಮ್ಮ ಜಿಲ್ಲೆಯ ಮಟ್ಟಿಗೆ ಇಷ್ಟು ಸಾಕು: ಊರು, ಬೆಟ್ಟ, ಕೆರೆಗಳ ಹೆಸರಿಗೆ ‘ದ’ ಇಲ್ಲ, ತುಮಕೂರು, ದೇವರಾಯನದುರ್ಗ, ಕುಣಿಗಲ್ ಲೇಕ್. ಬಿ.ಎಚ್. ರೋಡಿಗೂ ಇಲ್ಲ. ನದಿಗೆ ಇದೆ: ದ ಶಿಂಷಾ, ದ ಜಯಮಂಗಲಿ. ಪರ್ವತಗಳ ಸಾಲಿಗೆ ಇದೆ: ದ ವೆಸ್ಟರ್ನ್ ಘಾಟ್ಸ್. ಊರಿನ ಹೆಸರಿನ ಮುಂದೆ ಸಾಮಾನ್ಯ ಪದ ಸೇರಿ ಒಂದು ಸಂಸ್ಥೆ, ಕಟ್ಟಡ, ಕಟ್ಟೆ ಆದಾಗ ‘ದ’ ಬರುವುದು ಹೆಚ್ಚು: ದ ಗುಬ್ಬಿ ಕಂಪನಿ, ದ ಕುಣಿಗಲ್ ಸ್ಟಡ್ ಫಾರ್ಮ್, ದ ಮಾರ್ಕೋನಹಳ್ಳಿ ಡ್ಯಾಮ್.

‘ಎ’ ಯಾವಾಗ, ‘ಆನ್’ ಯಾವಾಗ

ಇದು ಎಲ್ಲರಿಗೂ ಗೊತ್ತಿರುವ ನಿಯಮ: ಸ್ವರದ ಮುಂದೆ ಆನ್. ಅಕ್ಷರ ನೋಡಬಾರದು, ಸದ್ದು ಕೇಳಬೇಕು ಎಂಬುದೂ ಗೊತ್ತಿರುತ್ತದೆ. ಆದ್ದರಿಂದ ಎ ಯೂನಿವರ್ಸಿಟಿ, ಆನ್ ಅವರ್, ಎ ಒನ್‌ವೇ ರೋಡ್. ಆದರೂ ಕನ್ನಡದ ಬಾಯಿ ಇಲ್ಲಿ ತಪ್ಪುತ್ತದೆ, ಕಾರಣ ಕನ್ನಡದ ಉಚ್ಚಾರಣೆಯಲ್ಲೇ ಇದೆ. ‘ಎಮ್ಮೆ’ ಎಂದು ಬರೆದು ‘ಯೆಮ್ಮೆ’ ಎಂದು ಓದುವವರು ನಾವು. ‘ಒಂದು’ ಎಂಬುದು ನಮ್ಮ ಬಾಯಲ್ಲಿ ‘ವೊಂದು’. ಅದೇ ಅಭ್ಯಾಸದಲ್ಲಿ ಎಗ್ ‘ಯೆಗ್’ ಆಗುತ್ತದೆ, ಓಲ್ಡ್ ‘ವೋಲ್ಡ್’ ಆಗುತ್ತದೆ, ಎಂಎಲ್ಎ ‘ಯೆಮ್ಮೆಲ್ಲೆ’ ಆಗುತ್ತಾರೆ. ಮೊದಲ ಸದ್ದೇ ಯ, ವ ಆದಮೇಲೆ ಅದರ ಹಿಂದೆ ‘ಎ’ ಬರುವುದು ಸಹಜ. ಎ ಯೆಗ್, ಎ ವೋಲ್ಡ್ ಮ್ಯಾನ್ ಎನ್ನುವವರು ನಿಯಮ ಮುರಿಯುತ್ತಿಲ್ಲ, ತಮ್ಮ ಉಚ್ಚಾರಣೆಗೆ ನಿಯಮವನ್ನು ಸರಿಯಾಗಿಯೇ ಹಚ್ಚುತ್ತಿದ್ದಾರೆ. ತಿದ್ದಬೇಕಾದ್ದು ಆ ‘ಯ’ವನ್ನು. ‘ಆನೆಗ್’, ‘ಆನೋಲ್ಡ್ ಮ್ಯಾನ್’ ಎಂದು ಎರಡು ಪದವನ್ನು ಒಂದೇ ಉಸಿರಿಗೆ ಕೂಡಿಸಿ ಹೇಳಿ ನೋಡಿ, ‘ನ’ ಬಂದು ಕೂತ ಜಾಗದಲ್ಲಿ ‘ಯ’ ನಿಲ್ಲುವುದಿಲ್ಲ.

ಎಚ್‌ಎಎಲ್ ಮಾತ್ರ ತಮಾಷೆಯ ಪ್ರಸಂಗ. ‘ಎಚ್’ ಎನ್ನುವವರು ‘ಆನ್ ಎಚ್‌ಎಎಲ್ ಎಂಪ್ಲಾಯೀ’ ಎನ್ನಬೇಕು. ‘ಹೆಚ್’ ಎನ್ನುವವರಿಗೆ ‘ಎ ಹೆಚ್‌ಎಎಲ್ ಎಂಪ್ಲಾಯೀ’ಯೇ ಸಲೀಸು. ಬರವಣಿಗೆಯಲ್ಲಿ ‘ಆನ್’ ಇಡುವುದು ಕ್ಷೇಮ.

ಅಭ್ಯಾಸ

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಇಪ್ಪತ್ತು ಮೂವತ್ತು ನಿಯಮಗಳ ಪಟ್ಟಿ ಕೊಡುವ ಪುಸ್ತಕ ಪರೀಕ್ಷೆಗೆ ಆದೀತು, ಬಾಯಿಗೆ ಆಗದು. ನ್ಯೂಜಿಲೆಂಡಿನಲ್ಲಿ ಜಾನ್ ಬಿಚನರ್ ಮತ್ತು ಉಟೆ ನೋಖ್ ವಲಸೆ ಬಂದವರೂ ಸೇರಿದಂತೆ ಇಂಗ್ಲಿಷ್ ಕಲಿಯುವವರ ಬರವಣಿಗೆಯನ್ನು ತಿದ್ದಿ ನೋಡಿದರು. ಅವರು ತಿದ್ದಿದ್ದು ಎರಡೇ ಬಳಕೆಯನ್ನು: ಮೊದಲ ಸಲ ಹೇಳುವಾಗ ‘ಎ’, ಆಗಲೇ ಹೇಳಿದ್ದಕ್ಕೆ ‘ದ’. ಉಳಿದ ತಪ್ಪುಗಳನ್ನು ಮುಟ್ಟಲಿಲ್ಲ. ತಿದ್ದಿಸಿಕೊಂಡವರ ಬರವಣಿಗೆ ಸುಧಾರಿಸಿತು, 10 ತಿಂಗಳ ಮೇಲೂ ಆ ಸುಧಾರಣೆ ಉಳಿದಿತ್ತು. ವ್ಯಾಕರಣ ತಿದ್ದುವುದರಿಂದ ಪ್ರಯೋಜನವೇ ಇಲ್ಲ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಇಡೀ ಹಾಳೆಯನ್ನು ಕೆಂಪು ಮಾಡಿ ಕೊಡುವ ತಿದ್ದುವಿಕೆಗೆ ಅವರ ಮಾತು ನಿಜವೇ ಇರಬಹುದು. ಒಂದೆರಡು ವಿಷಯಕ್ಕೆ ಗಮನ ಕಟ್ಟಿ ತಿದ್ದುವುದು ಬೇರೆ.

ಮೊದಲ ತಿಂಗಳು ಈ ಎರಡು ಬಳಕೆಯ ಜೊತೆಗೆ ಮೂರನೆಯದೊಂದನ್ನು ಮಾತ್ರ ಸೇರಿಸಿಕೊಳ್ಳಿ, ಕಸುಬಿನ ‘ಎ’. ಕನ್ನಡದಲ್ಲಿ ‘ನಾನು ಟೀಚರ್’ ಎಂದರೆ ಸಾಕು. ಇಂಗ್ಲಿಷಿನಲ್ಲಿ ಐ ಆಮ್ ಎ ಟೀಚರ್, ಶೀ ಈಸ್ ಎ ನರ್ಸ್, ಹೀ ಈಸ್ ಆನ್ ಎಲೆಕ್ಟ್ರಿಷಿಯನ್. ಸಂದರ್ಶನದ ಮೊದಲ ವಾಕ್ಯವೇ ಇದಾದ್ದರಿಂದ ಇದೊಂದನ್ನು ಸರಿಮಾಡಿಕೊಂಡರೂ ಲಾಭ ಕೈಗೆ ಸಿಗುತ್ತದೆ.

ದಿನಕ್ಕೆ ಐದು ವಾಕ್ಯ ಬರೆಯಿರಿ, ಹೆಚ್ಚು ಬೇಡ. ಆ ದಿನ ಕಂಡ ಒಬ್ಬ ಅಪರಿಚಿತರ ಬಗ್ಗೆ ಇರಲಿ. ಬಸ್ ಸ್ಟ್ಯಾಂಡಿನಲ್ಲಿ ‘ಆನ್ ಓಲ್ಡ್ ಮ್ಯಾನ್’ ಕಂಡ, ‘ದ ಓಲ್ಡ್ ಮ್ಯಾನ್’ ಕೈಯಲ್ಲಿ ‘ಎ ಬ್ಯಾಗ್’ ಇತ್ತು, ‘ದ ಬ್ಯಾಗ್’ ಹರಿದಿತ್ತು. ಕಥೆ ಸಪ್ಪೆಯಾದರೂ ಚಿಂತೆಯಿಲ್ಲ. ಹೊಸದನ್ನು ತಂದು ಮತ್ತೆ ಅದನ್ನೇ ಎತ್ತಿಕೊಳ್ಳುವ ಚಲನೆ ಕೈಗೆ ಹತ್ತಬೇಕು.

ಬೆಂಗಳೂರಿಗೆ ರೈಲಿನಲ್ಲಿ ಓಡಾಡುವ ತುಮಕೂರಿನವರಿಗೆ ಇನ್ನೊಂದು ಉಪಾಯ. ಇಂಗ್ಲಿಷ್ ಪೇಪರಿನ ಒಂದು ಪ್ಯಾರಾ ಫೋಟೊ ಹೊಡೆದುಕೊಳ್ಳಿ. ನೋಟ್‌ಬುಕ್ಕಿಗೆ ಬರೆಯುವಾಗ ಆರ್ಟಿಕಲ್ಲುಗಳನ್ನು ಬಿಟ್ಟು ಬರೆಯಿರಿ. ಮಾರನೆಯ ದಿನ ರೈಲಿನಲ್ಲಿ ಕೂತು ತುಂಬಿಸಿ, ಫೋಟೊ ಜೊತೆ ತಾಳೆ ನೋಡಿ. ತಪ್ಪಾದ ಕಡೆಯಲ್ಲೆಲ್ಲ ‘ಕೇಳುವವರಿಗೆ ಗೊತ್ತೇ’ ಎಂಬ ಪ್ರಶ್ನೆಯನ್ನು ಹಚ್ಚಿ ನೋಡಿ. ಉತ್ತರ ಸಿಗದಿದ್ದರೆ ಅದು ರೂಢಿಯದು, ಗುರುತು ಹಾಕಿಕೊಂಡು ಮುಂದೆ ಹೋಗಿ. ಪ್ಯಾರಾ ಸುದ್ದಿಯ ಒಡಲಿನದೇ ಆಗಿರಬೇಕು. ಪೇಪರಿನ ಹೆಡ್‌ಲೈನುಗಳು ಜಾಗ ಉಳಿಸಲು ಆರ್ಟಿಕಲ್ಲುಗಳನ್ನು ನುಂಗುತ್ತವೆ. ಅಂಗಡಿ ಬೋರ್ಡು, ಟಿವಿಯ ಕೆಳಗೆ ಓಡುವ ಸಾಲು, ವಾಟ್ಸ್ಆ್ಯಪ್ ಸಂದೇಶಗಳ ಕಥೆಯೂ ಅದೇ. ನಾವು ದಿನವೂ ಓದುವ ಇಂಗ್ಲಿಷ್ ಬಹುಪಾಲು ಇಂಥದ್ದೇ ಆದ್ದರಿಂದ, ಓದುತ್ತಲೇ ಇದ್ದರೂ ಆರ್ಟಿಕಲ್ ಕಣ್ಣಿಗೆ ಬೀಳುವುದಿಲ್ಲ.

ಹೊಸ ಪದ ಕಲಿಯುವಾಗ ಒಂಟಿಯಾಗಿ ಕಲಿಯಬೇಡಿ. ‘ಎ ಟಿಕೆಟ್’, ‘ಆನ್ ಆಟೋ’ ಎಂದು ಜೋಡಿಯಾಗಿ ಕಲಿಯಿರಿ. ಎಣಿಸಲು ಬಾರದ್ದನ್ನು ‘ರೈಸ್’, ‘ಲಗೇಜ್’ ಎಂದು ಬೋಳಾಗಿಯೇ ಕಲಿಯಿರಿ. ಮೋಸ ಮಾಡುವ ನಾಲ್ಕೈದು ಪದಗಳಿವೆ: ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ನ್ಯೂಸ್, ಎಕ್ವಿಪ್‌ಮೆಂಟ್. ‘ಒಂದು ಮಾಹಿತಿ’, ‘ಒಂದು ಸಲಹೆ’, ‘ಒಂದು ಸುದ್ದಿ’ ಎಂದು ನಾವು ಧಾರಾಳವಾಗಿ ಎಣಿಸುತ್ತೇವೆ, ಇಂಗ್ಲಿಷ್ ಎಣಿಸುವುದಿಲ್ಲ. ಅವುಗಳ ಮುಂದೆ ‘ಎ’ ಕೂಡದು.

‘ಒನ್’ ಬಗ್ಗೆಯೂ ಒಂದು ಮಾತು. “ಒನ್ ಮ್ಯಾನ್ ಕೇಮ್”, “ಐ ಹ್ಯಾವ್ ಒನ್ ಡೌಟ್” ಎನ್ನುವುದು ನಮ್ಮ ‘ಒಬ್ಬ’, ‘ಒಂದು’ಗಳ ನೆರಳು. ಇಬ್ಬರಲ್ಲ ಒಬ್ಬನೇ ಎಂದು ಎಣಿಕೆ ಹೇಳುವಾಗ ಮಾತ್ರ ‘ಒನ್’, ಉಳಿದಂತೆ ‘ಎ’.

ಕಲಿಯಲು ಶುರು ಮಾಡಿದ ಕೆಲವು ವಾರಗಳಲ್ಲಿ ಒಂದು ಘಟ್ಟ ಬರುತ್ತದೆ, ಕಂಡಕಂಡಲ್ಲಿ ‘ದ’ ಬೀಳತೊಡಗುತ್ತದೆ: ದ ತುಮಕೂರು, ದ ಮೈ ಫ್ರೆಂಡ್, ದ ಲೈಫ್ ಈಸ್ ಡಿಫಿಕಲ್ಟ್. ಗಾಬರಿ ಬೇಡ, ಗಮನ ಅತ್ತ ತಿರುಗಿದ ಲಕ್ಷಣ ಅದು. ಮೈ, ಯುವರ್, ದಿಸ್, ದಟ್ ಇರುವ ಕಡೆ ಆರ್ಟಿಕಲ್ ಬರುವುದಿಲ್ಲ, ಒಂದು ಕುರ್ಚಿಯಲ್ಲಿ ಇಬ್ಬರು ಕೂರುವುದಿಲ್ಲ ಎಂದಿಟ್ಟುಕೊಂಡರೆ ಅರ್ಧ ತಪ್ಪು ಹೋಗುತ್ತದೆ. ಒಟ್ಟಾರೆ ಬದುಕು, ಪ್ರೀತಿ, ದುಡ್ಡು, ವಿದ್ಯೆ ಎಂದು ಮಾತಾಡುವಾಗಲೂ ‘ದ’ ಬೇಡ.

‘ಗೋ ಟು ಸ್ಕೂಲ್’ ಎಂದರೆ ಓದಲು ಹೋಗುವುದು, ‘ಗೋ ಟು ದ ಸ್ಕೂಲ್’ ಎಂದರೆ ಹೆಡ್‌ಮಾಸ್ಟರನ್ನು ಕಾಣಲು ಹೋಗುವುದು. ಇಂಥವು ಎರಡನೇ ವರ್ಷಕ್ಕಿರಲಿ. ಆದರೆ ‘ಫ್ಯೂ’ ಮತ್ತು ‘ಎ ಫ್ಯೂ’ ವ್ಯತ್ಯಾಸವನ್ನು ಇವತ್ತೇ ಕಲಿಯಿರಿ, ಯಾಕೆಂದರೆ ಅಲ್ಲಿ ಅರ್ಥವೇ ತಿರುಗಿಬೀಳುತ್ತದೆ. ‘ಎ ಫ್ಯೂ ವರ್ಕರ್ಸ್ ಕೇಮ್’ ಎಂದರೆ ಕೆಲವರು ಬಂದರು, ಕೆಲಸ ನಡೆಯಿತು. ‘ಫ್ಯೂ ವರ್ಕರ್ಸ್ ಕೇಮ್’ ಎಂದರೆ ಹೆಚ್ಚು ಜನ ಬರಲೇ ಇಲ್ಲ. ಶಿಫ್ಟ್ ರಿಪೋರ್ಟಿನಲ್ಲಿ ಆ ‘ಎ’ ಬಿಟ್ಟರೆ ಮ್ಯಾನೇಜರ್ ಫೋನ್ ಮಾಡುತ್ತಾರೆ.

ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು ಮೇಡಂಗಳಿಗೆ ನನ್ನದೊಂದು ವಿನಂತಿ. ದೊಡ್ಡವರು ಮಾತಾಡುವಾಗ ಆರ್ಟಿಕಲ್ಲಿಗೆಂದು ನಡುವೆ ತಡೆಯಬೇಡಿ, ಅವರು ಮಾತನ್ನೇ ನಿಲ್ಲಿಸಿಬಿಡುತ್ತಾರೆ. ವಾರಕ್ಕೊಮ್ಮೆ ಒಂದು ಪುಟ ಬರೆಸಿ, ಅದರಲ್ಲಿ ಬರೀ ‘ಎ’ ಮತ್ತು ‘ದ’ಗಳನ್ನು ಗುರುತು ಮಾಡಿ, ಯಾಕೆಂದು ಕನ್ನಡದಲ್ಲೇ ಹೇಳಿಕೊಡಿ.